ಮುತ್ಯಾನ ಜನತಾ ಕೈಗಡಿಯಾರ: ಪೂರ್ತಿ ಹೊಸದು ಮಾಡಿಸಬೇಕೇ, ಸರ್ವಿಸ್ ಅಷ್ಟೇ ಸಾಕೇ?

ಬ್ರಹ್ಮಪುರದವ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಎಂ.ಎಸ್.ಕೆ. ಮಿಲ್ಲಿನಲ್ಲಿ ಕೆಲಸಕ್ಕಿದ್ದ ನಮ್ಮ ಮುತ್ಯಾನ ಎಚ್‌ಎಂಟಿ ಜನತಾ ಕೈಗಡಿಯಾರವು, ಆಯಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಹಳೆಯ ರೇಷನ್ ಕಾರ್ಡಿನ ಜೊತೆಗೆ ಕರವಸ್ತ್ರದಲ್ಲಿ ಸುತ್ತಿಟ್ಟಿದ್ದು ಸಿಕ್ಕಿದೆ. ಮಿಲ್ಲಿನ ಭೋಂಗಾ ಕೇಳಿ ಮುಳ್ಳು ಸರಿಪಡಿಸಿಕೊಂಡು, ದಿನಾ ಬೆಳಿಗ್ಗೆ ಚಹಾಕ್ಕೂ ಮೊದಲು ಅದಕ್ಕೆ ಚಾವಿ ಕೊಡುತ್ತಿದ್ದರೆಂದು ಅಪ್ಪ ಹೇಳುತ್ತಾರೆ. ಈಗ ಚಾವಿ ಒಂದು ಸುತ್ತೂ ತಿರುಗುವುದಿಲ್ಲ. ಜೋರಾಗಿ ಅಲುಗಾಡಿಸಿದರೆ ಸೆಕೆಂಡಿನ ಮುಳ್ಳು ನಾಲ್ಕು ಹೆಜ್ಜೆ ಓಡಿ ನಿಂತುಬಿಡುತ್ತದೆ. ಡಯಲಿನ ಮೇಲೆ ಆರು-ಏಳರ ನಡುವೆ ಚಹಾ ಚೆಲ್ಲಿದಂಥ ಕಂದು ಕಲೆ ಇದೆ, ಗಾಜು ಗೀರು ಬಿದ್ದು ಮಸುಕಾಗಿದೆ, ಬೆಲ್ಟ್ ಕೂರುವ ಕಡೆ ಹೊಳಪು ಹೋಗಿ ಹಿತ್ತಾಳೆ ಕಾಣುತ್ತಿದೆ.

ಸೂಪರ್ ಮಾರ್ಕೆಟ್ ಹತ್ತಿರದ ರಿಪೇರಿಯವರು, ಬಿಚ್ಚಿ ತೊಳೆದು ಎಣ್ಣೆ ಹಾಕಿ ಕೊಡುವುದಕ್ಕೆ 700 ರೂಪಾಯಿ, ಡಯಲಿಗೆ ಹೊಸ ಬಣ್ಣ ಬರೆಸಿ ಕೇಸಿಗೆ ಪಾಲಿಶ್ ಮಾಡಿಸಿ ಪೂರ್ತಿ ಹೊಸದು ಮಾಡುವುದಕ್ಕೆ 2,800 ರೂಪಾಯಿ ಎಂದಿದ್ದಾರೆ. ಅಣ್ಣನಿಗೆ ಎರಡನೆಯದೇ ಬೇಕು. ನನಗೆ ಯಾವುದೂ ತಿಳಿಯದಾಗಿದೆ. ಮುಚ್ಚಳ ತೆಗೆದಾಗ ಒಳಗಡೆ ಸೂಜಿಯಿಂದ ಗೀಚಿದಂತೆ ಏನೇನೋ ಗುರುತುಗಳು ಕಂಡವು, ಅದರಲ್ಲಿ ಒಂದು ‘84’ ಎಂದು ಓದಲು ಬರುತ್ತದೆ. ಇದಕ್ಕೆ ಹಣ ಹಾಕುವುದು ಯೋಗ್ಯವೇ?

ಹಳೆ ಮಷಿನ್, ಬೀದರ್

ಮೊದಲು ಅಲುಗಾಡಿಸುವುದನ್ನು ದಯವಿಟ್ಟು ನಿಲ್ಲಿಸಿರಿ. ಎಣ್ಣೆ ಒಣಗಿದ ಮಷಿನ್ ಓಡಿದಷ್ಟೂ ಚಕ್ರಗಳ ಸಣ್ಣ ತುದಿಗಳು ಸವೆಯುತ್ತವೆ.

ಚಾವಿ ತಿರುಗದಿದ್ದರೆ ಸ್ಪ್ರಿಂಗ್ ಹಾಳಾಗಿದೆಯೆಂದು ಬಹಳ ಜನ ತಿಳಿಯುತ್ತಾರೆ. ನಿಜವಾಗಿ ಸ್ಪ್ರಿಂಗ್ ಮುರಿದಿದ್ದರೆ ಚಾವಿ ಎಲ್ಲಿಯೂ ಬಿಗಿಯಾಗದೆ ಸುಮ್ಮನೆ ತಿರುಗುತ್ತಲೇ ಇರುತ್ತದೆ. ನಿಮ್ಮದು ಬಿಗಿಯಾಗಿದೆಯೆಂದರೆ ಸ್ಪ್ರಿಂಗ್ ತುಂಬಿದೆ, ಆದರೆ ಎಣ್ಣೆ ಮೇಣದಂತೆ ಗಟ್ಟಿಯಾಗಿ ಆ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತಿಲ್ಲ ಎಂದೇ ಹೆಚ್ಚಾಗಿ ಅರ್ಥ. ಅಲುಗಾಡಿಸಿದಾಗ ಬ್ಯಾಲೆನ್ಸ್ ಚಕ್ರ (ಹಿಂದೆ-ಮುಂದೆ ಆಡಿ ಗಡಿಯಾರದ ವೇಗ ಕಾಯುವ ಚಕ್ರ) ತುಸು ಆಡುತ್ತದೆ ಅನ್ನುವುದೂ ಒಳ್ಳೆಯ ಲಕ್ಷಣ. ರಿಪೇರಿಯವರಿಗೆ ಎರಡೇ ವಿಷಯ ಕೇಳಿರಿ: ಬ್ಯಾಲೆನ್ಸ್ ಚಕ್ರದ ನಡುವಿನ ಕಡ್ಡಿ ನೆಟ್ಟಗಿದೆಯೇ, ಒಳಗೆ ತುಕ್ಕು ಇದೆಯೇ. ತುಕ್ಕು ಇಲ್ಲದಿದ್ದರೆ ನೀವು ಅರ್ಧ ಗೆದ್ದಂತೆ. ಅವರಲ್ಲಿ ಗಡಿಯಾರದ ಬಡಿತ ಅಳೆಯುವ ಯಂತ್ರವಿದ್ದರೆ ಸರ್ವಿಸ್ ಆದ ಮೇಲೆ ಅದರ ಮೇಲೆ ಇಡಿಸಿರಿ. ಚಾವಿ ಪೂರ್ತಿ ಇದ್ದಾಗ ಬ್ಯಾಲೆನ್ಸಿನ ಬೀಸು 250ರಿಂದ 300 ಡಿಗ್ರಿಯೊಳಗೆ ಬಂದರೆ ಸಂತೋಷ, 200ಕ್ಕಿಂತ ಕೆಳಗಿದ್ದರೆ ಕೆಲಸ ಅರ್ಧಮರ್ಧ ಆಗಿದೆಯೆಂದು ತಿಳಿಯಿರಿ.

ಬಿಡಿಭಾಗಗಳ ಭಯ ಬೇಡ. ಎಚ್‌ಎಂಟಿಯವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರ ಮಾಡಲು ಶುರುಮಾಡಿದರು, 2016ರಲ್ಲಿ ಗಡಿಯಾರದ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ನಿರ್ಧರಿಸಿತು. ಆದರೆ ನಡುವಿನ ದಶಕಗಳಲ್ಲಿ ಈ 17 ಜ್ಯುವೆಲ್ (ಸವೆತ ತಡೆಯುವ ಸಣ್ಣ ಹರಳು) ಮಷಿನ್‌ಗಳು ಎಷ್ಟು ಮನೆ ಸೇರಿವೆಯೆಂದರೆ, ಹಳೆಯ ರಿಪೇರಿ ಅಂಗಡಿಯ ಡಬ್ಬಿಯಲ್ಲಿ ಎರಡು ಸತ್ತ ಜನತಾ ಇದ್ದೇ ಇರುತ್ತವೆ.

ಲೆಕ್ಕದವನು, ಶಹಾಬಾದ

ಬೇಸರ ಮಾಡಿಕೊಳ್ಳಬೇಡಿ. 2,800ರೊಳಗೆ ಓಡುವ ಜನತಾ ಒಂದು ಹುಡುಕಿದರೆ ಸಿಗುತ್ತದೆ. ಪೂರ್ತಿ ಹೊಸದು ಮಾಡಿಸಿ ಮಾರಲು ಹೋದರೆ ಹಾಕಿದ ಹಣ ವಾಪಸು ಬರುವುದಿಲ್ಲ. ಹಣದ ದೃಷ್ಟಿಯಿಂದ ಉತ್ತರ ಇಷ್ಟೇ.

ಭೀಮಾ ದಂಡೆ, ಯಾದಗಿರಿ

ಲೆಕ್ಕ ಸರಿಯಿದೆ, ಆದರೆ ಪ್ರಶ್ನೆ ಕೇಳಿದವರು ಮಾರುತ್ತೇನೆ ಎಂದಿಲ್ಲವಲ್ಲ. ನಾನು ಹಣ ಕಳೆದುಕೊಂಡಿದ್ದು ಬೇರೆ ರೀತಿ. ನಮ್ಮ ಕಾಕಾನ ಜನತಾ ಗಡಿಯಾರದ ಡಯಲಿಗೆ, ಅವರಿಗೆ ಹಬ್ಬದ ಉಡುಗೊರೆ ಎಂದು, ಒಂದು ಅಂಗಡಿಯಲ್ಲಿ ಹೊಸ ಬಣ್ಣ ಬರೆಸಿದೆ. ಹೊಳೆಯಿತೇನೋ ನಿಜ. ಆದರೆ ದೇವನಾಗರಿಯ ‘ಜನತಾ’ ಎಂಬ ಸಣ್ಣ ಅಕ್ಷರಗಳು ಸುಣ್ಣದ ಗೋಡೆಯ ಬರಹದಂತೆ ದಪ್ಪವಾದವು, ನಿಮಿಷದ ಗೆರೆಗಳು ಎಡಕ್ಕೆ ಒಂದಿಷ್ಟು ವಾಲಿ 12ಕ್ಕೆ ಮುಳ್ಳು ಸರಿಯಾಗಿ ನಿಲ್ಲದಾಯಿತು. ಕಾಕಾ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿ, “ಇದ್ ಯಾರ್ದೋ ತಮ್ಮಾ?” ಎಂದರು. ಹಳೆಯ ಡಯಲ್ ಉಜ್ಜಿ ತೆಗೆದ ಮೇಲೆ ಅದನ್ನು ಮತ್ತೆ ತರುವ ದಾರಿಯಿಲ್ಲ. ಕಲೆ ಇರಲಿ ಬಿಡಿ.

ಹಳೆ ಮಷಿನ್, ಬೀದರ್

ಇವರ ಮಾತಿಗೆ ನನ್ನ ಒಪ್ಪಿಗೆಯಿದೆ. ಕೇಸಿನ ಪಾಲಿಶ್ ಇನ್ನೂ ಕೆಟ್ಟದ್ದು: ಜನತಾದ ಕೇಸು ಹಿತ್ತಾಳೆಯ ಮೇಲೆ ಕ್ರೋಮ್ ಲೇಪಿಸಿದ್ದು, ಉಜ್ಜಿದರೆ ಉಳಿದ ಲೇಪವೂ ಹೋಗಿ ಹಳದಿ ಹಿತ್ತಾಳೆ ಇನ್ನಷ್ಟು ಕಾಣುತ್ತದೆ. ಗಾಜು ಮಾತ್ರ ಪ್ಲಾಸ್ಟಿಕ್ ಜಾತಿಯದು, ಅದರ ಸಣ್ಣ ಗೀರುಗಳು ಪಾಲಿಶ್ ಪೇಸ್ಟಿನಿಂದ ಹೋಗುತ್ತವೆ, ಬಿರುಕಿದ್ದರೆ ಬದಲಿಸಿರಿ.

ಮುಚ್ಚಳದ ಒಳಗಿನ ಗುರುತುಗಳ ಬಗ್ಗೆ ಹೇಳುವುದು ಮರೆತೆ. ಸರ್ವಿಸ್ ಮಾಡಿದ ಪ್ರತಿಸಲವೂ ರಿಪೇರಿಯವರು ತಮ್ಮ ಗುರುತು, ಕೆಲವರು ಇಸವಿಯನ್ನೂ, ಅಲ್ಲಿ ಗೀಚುವ ರೂಢಿಯಿದೆ. ಅಂದರೆ ‘84’ ಬಹುಶಃ ಮುತ್ಯಾ ಕೊನೆಗೊಮ್ಮೆ ಗಡಿಯಾರ ಬಿಚ್ಚಿಸಿದ ವರ್ಷವಿರಬಹುದು. ಎಷ್ಟು ಗುರುತುಗಳಿವೆ, ಎಣಿಸಿ ಹೇಳಿರಿ.

ಬ್ರಹ್ಮಪುರದವ, ಕಲಬುರಗಿ

ಎಣಿಸಿದೆ, ಐದಿವೆ. ತುಕ್ಕು ಇರಲಿಲ್ಲ, ಕಡ್ಡಿಯೂ ನೆಟ್ಟಗಿತ್ತು. ಅಣ್ಣನನ್ನು ಒಪ್ಪಿಸಲು ಯಾದಗಿರಿಯವರ ಕಾಕಾನ ಮಾತು ಓದಿ ಹೇಳಿದೆ, ಅವನು ನಕ್ಕು ಸುಮ್ಮನಾದ. ತೊಳೆದು ಎಣ್ಣೆ ಹಾಕಿಸಿ, ಗಾಜು ಬದಲಿಸಿದ್ದಕ್ಕೆ ಸೇರಿ 850 ಆಯಿತು. ಈಗ ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಗುತ್ತಿದೆ, ಅಷ್ಟು ಇದ್ದದ್ದೇ ಎಂದು ರಿಪೇರಿಯವರು ಹೇಳಿದರು. ಮುಚ್ಚಳ ಹಾಕುವ ಮೊದಲು ಅವರು ಸೂಜಿ ತೆಗೆದುಕೊಂಡು, ಉಳಿದ ಜಾಗದಲ್ಲಿ ಆರನೆಯ ಗುರುತು ಗೀಚಿದರು.