ಘೇಂಡಾಮೃಗದ ಕೊಂಬಿನ ಬಟ್ಟಲು: ಮನೆ ಗುಂಪಿನಲ್ಲಿ ನಡೆದ ವಾದ

ದೊಡ್ಡಪ್ಪ: (ಫಾರ್ವರ್ಡ್ ಆದ ಫೋಟೊ) ಚೀನಾದ ಹಳೇ ಬಟ್ಟಲು, ಘೇಂಡಾಮೃಗದ ಕೊಂಬಿನದು. ವಿಷ ಹಾಕಿದರೆ ತಕ್ಷಣ ಗೊತ್ತಾಗುತ್ತದಂತೆ! ಹರಾಜಿನಲ್ಲಿ ಕೋಟಿಗಟ್ಟಲೆ ಬೆಲೆ. ಎಲ್ಲರೂ ನೋಡಿ.

ತಮ್ಮ: ದೊಡ್ಡಪ್ಪ, ದಯವಿಟ್ಟು ಇದನ್ನು ಡಿಲೀಟ್ ಮಾಡಿ. ಕೊಂಬಿಗೆ ಏನೋ ಶಕ್ತಿ ಇದೆ ಅಂತ ನಂಬಿಯೇ ಜನ ಆ ಪ್ರಾಣಿಯನ್ನು ಕೊಲ್ಲುತ್ತಿರುವುದು. ಅದು ಬರೀ ಕೆರಟಿನ್. ನಮ್ಮ ಉಗುರಿನಲ್ಲಿ ಇರುವುದೂ ಅದೇ.

ದೊಡ್ಡಪ್ಪ: ಕೊಂಬು ತಗೊಳ್ಳಿ ಅಂತ ನಾನು ಹೇಳಿದೆನೇನೋ? ಕೆತ್ತನೆ ಚೆನ್ನಾಗಿದೆ ಅಂತ ಹಾಕಿದೆ.

ನಾನು: ಕೆತ್ತನೆಯ ಮಾತು ನಿಜ. ತಮ್ಮಾ, ಒಂದು ಸಲ ಝೂಮ್ ಮಾಡಿ ನೋಡು. ಹಿಡಿ ಇದೆಯಲ್ಲ, ಅದು ಪೈನ್ ಮರದ ಕಾಂಡ. ಕೊಂಬೆಗಳು ಅಂಚು ದಾಟಿ ಬಟ್ಟಲಿನ ಒಳಗೂ ಇಳಿದಿವೆ. ಎಲ್ಲೂ ಅಂಟಿಸಿಲ್ಲ, ಎಲ್ಲ ಒಂದೇ ಕೊಂಬು.

ಚಿಕ್ಕಮ್ಮ: ಹಸುವಿನ ಕೊಂಬಿನ ಒಳಗೆ ಮೂಳೆ ಇರುತ್ತಲ್ವಾ? ಇದನ್ನು ಹೇಗೆ ಕೊರೆದರು?

ನಾನು: ಇದರಲ್ಲಿ ಮೂಳೆ ಇಲ್ಲ ಚಿಕ್ಕಮ್ಮ. ನಾರು ನಾರಾಗಿ ಬೆಳೆದು ಗಟ್ಟಿಯಾದದ್ದು. ಬುಡದಲ್ಲಿ ಮಾತ್ರ ತಗ್ಗು. ಕೊಂಬನ್ನು ತಲೆಕೆಳಗು ಮಾಡಿದರೆ ಆ ಬುಡವೇ ಬಟ್ಟಲಿನ ಬಾಯಿ, ಸಣ್ಣ ತುದಿ ಪಾದ. ಕೊಂಬಿನ ಬಾಗು ಹೇಗಿದೆಯೋ ಹಾಗೆಯೇ ಮರ, ಬಂಡೆ, ತಾವರೆ ಎಲೆ ಹೊಂದಿಸಬೇಕು. ಜಾಸ್ತಿ ಕೆತ್ತಿಬಿಟ್ಟರೆ ಮತ್ತೆ ಸೇರಿಸಲು ಆಗಲ್ಲ. ಚೀನಾದಲ್ಲಿ ಮಿಂಗ್ ಅರಸರ ಕಾಲದ ಕೊನೆಯಲ್ಲಿ ಸೂಜೌ ನಗರದ ಕಡೆ ಬಾವ್ ತಿಯೆನ್‌ಚೆಂಗ್ ಅನ್ನುವವನು ಈ ಕೆಲಸಕ್ಕೇ ಹೆಸರಾಗಿದ್ದ.

ತಮ್ಮ: ಅಕ್ಕ, ಕೈಚಳಕ ಒಪ್ಪುತ್ತೇನೆ. ಆದರೆ ಹರಾಜಿನ ಬೆಲೆ ನೋಡಿದವನಿಗೆ ಕಾಣುವುದು ದುಡ್ಡು, ಪೈನ್ ಮರ ಅಲ್ಲ. ಹೊಸ ಕೊಂಬು ಕೆತ್ತಿ ಹಳೇದು ಅಂತ ಮಾರಿದರೆ? ಅಸ್ಸಾಂನಲ್ಲಿ 2021ರಲ್ಲಿ 2,479 ಕೊಂಬು ಸುಟ್ಟರು. ಕೊಂಬಿಗೆ ಬೆಲೆಯೇ ಇಲ್ಲ ಅಂತ ತೋರಿಸಲು.

ನಾನು: ಸುಟ್ಟಿದ್ದು ಸರಿಯಾಗಿಯೇ ಇದೆ. ಆದರೆ ಆಗಲೂ 94 ಕೊಂಬುಗಳನ್ನು ಸುಡದೆ ಉಳಿಸಿಕೊಂಡರು. ನಾನು ಕೇಳುವುದೂ ಅಷ್ಟೇ. ಮಾರಾಟ ಬೇಡ. ಡಬ್ಲಿನ್‌ನ ಚೆಸ್ಟರ್ ಬೀಟಿ ಮ್ಯೂಸಿಯಂನಲ್ಲಿ ಇಂಥ ಬಟ್ಟಲುಗಳಿವೆ. ಅಂಥ ಕಡೆ ಇರಲಿ, ಜನ ನೋಡಲಿ. ಪ್ರಾಣಿ ಸತ್ತು ಮುನ್ನೂರು, ನಾನೂರು ವರ್ಷ ಆಯಿತು. ಕೆತ್ತಿದವನ ಕೆಲಸವನ್ನೂ ಮರೆತುಬಿಟ್ಟರೆ ಅದರಿಂದ ಯಾವ ಘೇಂಡಾಮೃಗ ಉಳಿಯುತ್ತದೆ ಹೇಳು?

ಚಿಕ್ಕಮ್ಮ: ಅದು ಸರಿ. ಆದರೆ ಪ್ರಾಣಿ ಸತ್ತಿದ್ದನ್ನೂ ಫೋಟೊ ಕೆಳಗೆ ಬರೆಯಬೇಕು.

ದೊಡ್ಡಪ್ಪ: ವಿಷದ ಸಾಲು ತೆಗೆದು ಮತ್ತೆ ಹಾಕಲಾ?

ತಮ್ಮ: ಬೆಲೆಯ ಸಾಲನ್ನೂ ತೆಗೆಯಿರಿ ದೊಡ್ಡಪ್ಪ. ಚಿಕ್ಕಮ್ಮ ಹೇಳಿದ್ದನ್ನು ಸೇರಿಸಿ. ಆಮೇಲೂ ಬೇರೆ ಗುಂಪುಗಳಿಗೆ ಕಳಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.