ಅಪ್‌ಡೇಟ್: ಅಭ್ಯಾಸದ ಕೋಣೆಯ ಸದ್ದು ಹತೋಟಿಗೆ ಬಂದಿದೆ
ಪಿಟೀಲು ಅಭ್ಯಾಸಕ್ಕೆ ಮೀಸಲಿಟ್ಟ ಕೋಣೆಯ ಗೋಡೆಗಳಿಗೆಲ್ಲ ಫೋಮ್ ಅಂಟಿಸಿದರೂ ಸದ್ದು ಹೊರಗೆ ಕೇಳಿಸುವುದೇಕೆ ಎಂದು ಕೆಲವು ತಿಂಗಳ ಹಿಂದೆ ಕೇಳಿದ್ದೆ. ಫೋಮ್ ಒಳಗಿನ ಪ್ರತಿಧ್ವನಿಯನ್ನು ಹೀರುತ್ತದೆಯೇ ಹೊರತು ಸದ್ದು ಹೊರಹೋಗುವುದನ್ನು ತಡೆಯುವುದಿಲ್ಲ, ಅದಕ್ಕೆ ಭಾರವಾದ ತಡೆಯೂ ಗಾಳಿಯಾಡದಂತೆ ಮುಚ್ಚಿದ ಸಂದುಗಳೂ ಬೇಕು ಎಂದು ನೀವು ತಿಳಿಸಿದ್ದು ನಿಜವಾಯಿತು. ಪೊಳ್ಳು ಬಾಗಿಲನ್ನು ತೆಗೆಸಿ ಗಟ್ಟಿ ಮರದ ಬಾಗಿಲು ಕೂರಿಸಿ, ಚೌಕಟ್ಟಿನ ಸುತ್ತ ಮತ್ತು ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿದ ದಿನವೇ ವ್ಯತ್ಯಾಸ ಗೊತ್ತಾಯಿತು.

ತೆಳು ಫೋಮ್ ತಾರಸ್ಥಾಯಿಯನ್ನಷ್ಟೇ ನುಂಗಿ ನಾದವನ್ನು ಮಂಕಾಗಿಸುತ್ತಿದ್ದುದರಿಂದ ಅದನ್ನು ಬಹುಪಾಲು ತೆಗೆದು, ಮೂಲೆಗಳಲ್ಲಿ 10 ಸೆಂ.ಮೀ. ದಪ್ಪದ ರಾಕ್‌ವುಲ್ (ಕಲ್ಲನ್ನು ಕರಗಿಸಿ ಮಾಡಿದ ನಾರು) ಫಲಕಗಳನ್ನು ನಿಲ್ಲಿಸಿದ್ದೇನೆ. ಈಗ ವಾದ್ಯದ ನಿಜವಾದ ದನಿ ಕೇಳುತ್ತಿರುವುದು ನನಗೆ ಬಹಳ ಸಂತೋಷ ತಂದಿದೆ. ಸಂದುಗಳೆಲ್ಲ ಮುಚ್ಚಿದ್ದರಿಂದ ಸೆಕೆ ಹೆಚ್ಚಿದ್ದು, ಗಾಳಿಯ ವ್ಯವಸ್ಥೆ ಇನ್ನೂ ಬಾಕಿಯಿದೆ.