ಡೆಟ್ರಾಯಿಟ್ ಲಯನ್ಸ್ 2023: ಆ ಎರಡು ಫೀಲ್ಡ್ ಗೋಲ್ ಒದ್ದಿದ್ದರೆ?

ಹೊಸ ನೋಡುಗ ಕೇಳಿದ್ದು:

ನಾನು ಅಮೆರಿಕನ್ ಫುಟ್‌ಬಾಲ್ ನೋಡಲು ಶುರು ಮಾಡಿದ್ದು ಈಚೆಗೆ. ನಿಯಮಗಳು ಒಂದು ಮಟ್ಟಕ್ಕೆ ಅರ್ಥವಾಗಿವೆ. ನಾಲ್ಕು ಡೌನ್‌ನಲ್ಲಿ, ಅಂದರೆ ನಾಲ್ಕು ಪ್ರಯತ್ನದಲ್ಲಿ, ಹತ್ತು ಯಾರ್ಡ್ ದಾಟಬೇಕು, ದಾಟದಿದ್ದರೆ ಚೆಂಡು ಎದುರಾಳಿಗೆ. ಅದಕ್ಕೇ ನಾಲ್ಕನೇ ಡೌನ್ ಬಂದರೆ ಚೆಂಡನ್ನು ದೂರ ಒದೆಯುತ್ತಾರೆ, ಇಲ್ಲವೇ ಗೋಲ್ ಕಂಬ ಹತ್ತಿರವಿದ್ದರೆ ಫೀಲ್ಡ್ ಗೋಲ್ ಒದ್ದು ಮೂರು ಪಾಯಿಂಟ್ ತೆಗೆದುಕೊಳ್ಳುತ್ತಾರೆ. ಇಷ್ಟು ಗೊತ್ತು.

ಮೊನ್ನೆ 2024ರ ಜನವರಿ 28ರ ಎನ್‌ಎಫ್‌ಸಿ ಚಾಂಪಿಯನ್‌ಶಿಪ್ ಪಂದ್ಯವನ್ನು ಪೂರ್ತಿ ನೋಡಿದೆ. ಡೆಟ್ರಾಯಿಟ್ ಲಯನ್ಸ್, ಸ್ಯಾನ್ ಫ್ರಾನ್ಸಿಸ್ಕೋ 49ರ್ಸ್. ಇದು ಸೆಮಿಫೈನಲ್ ಇದ್ದ ಹಾಗೆ, ಗೆದ್ದವರಿಗೆ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್. ಅರ್ಧ ಆಟಕ್ಕೆ ಲಯನ್ಸ್ 24-7 ಮುಂದಿತ್ತು. ಆಮೇಲೆ 34-31ಕ್ಕೆ ಸೋತಿತು. ಎರಡನೇ ಅರ್ಧದಲ್ಲಿ ಎರಡು ಸಲ ಫೀಲ್ಡ್ ಗೋಲ್ ಒದೆಯುವ ದೂರದಲ್ಲಿದ್ದರೂ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಒದೆಸಲಿಲ್ಲ. ಎರಡೂ ಸಲ ಪ್ರಯತ್ನ ವಿಫಲ. ಸೋತಿದ್ದು ಮೂರೇ ಪಾಯಿಂಟ್‌ನಿಂದ!

ಕೋಚ್‌ಗೆ ಇಷ್ಟು ಸರಳ ಲೆಕ್ಕ ಗೊತ್ತಿರಲಿಲ್ವಾ? ಇನ್ನೊಂದು ವಿಷಯ. ಇಷ್ಟು ಕೆಟ್ಟದಾಗಿ ಮುಗಿದ ಆ ಸೀಸನ್ ಬಗ್ಗೆ ಲಯನ್ಸ್ ಅಭಿಮಾನಿಗಳು ಈಗಲೂ ಅಷ್ಟೊಂದು ಪ್ರೀತಿಯಿಂದ ಮಾತಾಡುತ್ತಾರೆ. ಯಾಕೆ?

ನೀಲಿ ಬೆಳ್ಳಿ ಬರೆದದ್ದು:

ನಾನು ಇರುವುದು ಡೆಟ್ರಾಯಿಟ್ ಪಕ್ಕದ ನೋವೈನಲ್ಲಿ. 2008ರಿಂದ ಈ ತಂಡವನ್ನು ನೋಡುತ್ತಿದ್ದೇನೆ. ಆ ವರ್ಷ ಲಯನ್ಸ್ 16 ಪಂದ್ಯ ಆಡಿ 16ನ್ನೂ ಸೋತಿತು. ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಗೊತ್ತಾಗದೆ ಮೊದಲನೆಯದಕ್ಕೆ ಉತ್ತರ ಸಿಗುವುದಿಲ್ಲ.

ಲಯನ್ಸ್ ಕೊನೆಯ ಸಲ ಲೀಗ್ ಚಾಂಪಿಯನ್ ಆಗಿದ್ದು 1957ರಲ್ಲಿ. ಸೂಪರ್ ಬೌಲ್ ಎಂಬುದು ಇನ್ನೂ ಹುಟ್ಟಿರಲಿಲ್ಲ. ಹುಟ್ಟಿದ ಮೇಲೆ ಈ ತಂಡ ಅಲ್ಲಿಗೆ ಕಾಲಿಟ್ಟೇ ಇಲ್ಲ. 1992ರ ಜನವರಿಯಲ್ಲಿ ಡಲ್ಲಾಸ್ ಕೌಬಾಯ್ಸ್ ವಿರುದ್ಧ 38-6ರಿಂದ ಒಂದು ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್) ಪಂದ್ಯ ಗೆದ್ದರು. ಅದಾದ ಮೇಲೆ ಪ್ಲೇಆಫ್‌ನಲ್ಲಿ ಸತತ ಒಂಬತ್ತು ಸೋಲು. ಬ್ಯಾರಿ ಸ್ಯಾಂಡರ್ಸ್, ಕ್ಯಾಲ್ವಿನ್ ಜಾನ್ಸನ್ ಅಂಥ ದಿಗ್ಗಜ ಆಟಗಾರರು ಇದ್ದೂ ಈ ಗತಿ. ಇಬ್ಬರೂ ಇನ್ನೂ ಆಡುವ ಶಕ್ತಿ ಇದ್ದಾಗಲೇ ನಿವೃತ್ತರಾದರು.

ಕ್ಯಾಂಪ್‌ಬೆಲ್ ಬಂದದ್ದು 2021ರಲ್ಲಿ. ಮೊದಲ ವರ್ಷ 3 ಗೆಲುವು, 13 ಸೋಲು, ಒಂದು ಟೈ. ಎರಡನೇ ವರ್ಷ ಮೊದಲ ಏಳು ಪಂದ್ಯಗಳಲ್ಲಿ ಒಂದೇ ಗೆಲುವು. ಬೇರೆ ಮಾಲೀಕರಾಗಿದ್ದರೆ ಕೆಲಸದಿಂದ ತೆಗೆಯುತ್ತಿದ್ದರೋ ಏನೋ. ಶೀಲಾ ಫೋರ್ಡ್ ಹ್ಯಾಂಪ್ ತೆಗೆಯಲಿಲ್ಲ. ಆ ವರ್ಷ 9 ಗೆಲುವು, 8 ಸೋಲಿಗೆ ಮುಗಿಯಿತು. ಕೊನೆಯ ಪಂದ್ಯ ಗ್ರೀನ್ ಬೇಯಲ್ಲಿ. ಆಟ ಶುರುವಾಗುವ ಹೊತ್ತಿಗೇ ಲಯನ್ಸ್‌ಗೆ ಪ್ಲೇಆಫ್ ದಾರಿ ಮುಚ್ಚಿತ್ತು. ಆದರೂ ಪ್ಯಾಕರ್ಸ್ ತಂಡವನ್ನು 20-16ಕ್ಕೆ ಸೋಲಿಸಿ ಅವರ ದಾರಿಯನ್ನೂ ಮುಚ್ಚಿದರು. ಗೆದ್ದರೂ ತಮಗೆ ಏನೂ ಸಿಗದ ಪಂದ್ಯದಲ್ಲಿ ಅವರು ಆಡಿದ ರೀತಿ ನೋಡಿಯೇ ನನಗೆ 2023ರ ಮೇಲೆ ನಂಬಿಕೆ ಬಂತು.

ಈಗ 2023ರ ಮೊದಲ ಪಂದ್ಯಕ್ಕೆ ಬನ್ನಿ. ಸೆಪ್ಟೆಂಬರ್ 7, ಕ್ಯಾನ್ಸಸ್ ಸಿಟಿ. ಎದುರಿಗೆ ಹಾಲಿ ಚಾಂಪಿಯನ್ ಚೀಫ್ಸ್, ಅವರದೇ ಮೈದಾನ. ಇನ್ನೂ ಸ್ಕೋರ್ 0-0. ಲಯನ್ಸ್ ತಮ್ಮದೇ 17 ಯಾರ್ಡ್ ಗೆರೆಯಲ್ಲಿ ನಾಲ್ಕನೇ ಡೌನ್, ಎರಡು ಯಾರ್ಡ್ ಬೇಕು. ಅಲ್ಲಿ ಚೆಂಡು ಕಳೆದುಕೊಂಡರೆ ಎದುರಾಳಿಗೆ ಪಾಯಿಂಟ್ ಕೈಗೆ ಕೊಟ್ಟ ಹಾಗೆ. ಚೆಂಡನ್ನು ದೂರ ಒದೆಯುವ ಪಂಟ್ ತಂಡ ಒಳಗೆ ಬಂತು. ಚೆಂಡು ಪಂಟರ್‌ಗೆ ಹೋಗಲೇ ಇಲ್ಲ! ನೇರವಾಗಿ ಜೇಲನ್ ರೀವ್ಸ್-ಮೇಬಿನ್ ಕೈಗೆ ಬಂತು, ಆತ ನುಗ್ಗಿ ಮೂರು ಯಾರ್ಡ್ ತೆಗೆದ. ಅದೇ ಡ್ರೈವ್ (ಚೆಂಡು ಸಿಕ್ಕಾಗಿನಿಂದ ನಡೆಯುವ ಆಟಗಳ ಸರಣಿ) 91 ಯಾರ್ಡ್ ಸಾಗಿ ಟಚ್‌ಡೌನ್ ಆಯಿತು, ಅಂದರೆ ಚೆಂಡು ಗೋಲ್ ಗೆರೆ ದಾಟಿ ಆರು ಪಾಯಿಂಟ್. ಆಮೇಲೆ ಬ್ರಯಾನ್ ಬ್ರಾಂಚ್ ಎಂಬ ಹೊಸ ಹುಡುಗ ತನ್ನ ಮೊದಲ ಪಂದ್ಯದಲ್ಲೇ ಚೀಫ್ಸ್‌ನ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವನು) ಮಹೋಮ್ಸ್ ಎಸೆದ ಪಾಸ್ ಹಿಡಿದು 50 ಯಾರ್ಡ್ ಓಡಿ ಸ್ಕೋರ್ ಮಾಡಿದ. ಪಂದ್ಯ 21-20. ಒಂದೇ ಒಂದು ಪಾಯಿಂಟ್.

ಸೀಸನ್ ಪೂರ್ತಿ ಹೀಗೇ ನಡೆಯಿತು. ನವೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಚಾರ್ಜರ್ಸ್ ವಿರುದ್ಧ 38-38 ಸಮ. ಎರಡು ನಿಮಿಷಕ್ಕಿಂತ ಕಡಿಮೆ ಉಳಿದಿದೆ. ಚಾರ್ಜರ್ಸ್‌ನ 26 ಯಾರ್ಡ್ ಗೆರೆ, ನಾಲ್ಕನೇ ಡೌನ್, ಎರಡು ಯಾರ್ಡ್. ಒದ್ದರೆ ಮುನ್ನಡೆ ಸಿಗುತ್ತಿತ್ತು, ಆದರೆ ಎದುರಿನ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಹರ್ಬರ್ಟ್ ಕೈಗೆ ಮತ್ತೆ ಚೆಂಡು ಹೋಗುತ್ತಿತ್ತು. ಕ್ಯಾಂಪ್‌ಬೆಲ್ ಒದೆಸಲಿಲ್ಲ. ನಮ್ಮ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಸ್ಯಾಮ್ ಲಪೋರ್ಟಾಗೆ ಪಾಸ್ ಕೊಟ್ಟ, ಹೊಸ ನಾಲ್ಕು ಡೌನ್ ಸಿಕ್ಕಿತು. ಗಡಿಯಾರ ಪೂರ್ತಿ ಓಡಲು ಬಿಟ್ಟು ಕೊನೆಯ ಕ್ಷಣದಲ್ಲಿ 41 ಯಾರ್ಡ್‌ನಿಂದ ಒದ್ದು 41-38ಕ್ಕೆ ಗೆದ್ದರು. ಹರ್ಬರ್ಟ್ ಹೆಲ್ಮೆಟ್ ಹಾಕಿಕೊಂಡು ಬೆಂಚ್ ಹತ್ತಿರವೇ ಉಳಿದ.

ಈ ನಿರ್ಧಾರಗಳನ್ನೆಲ್ಲ ನಾವು ಎದ್ದು ನಿಂತು ಕೂಗಿ ಸಂಭ್ರಮಿಸಿದ್ದೆವು. ಸ್ಯಾನ್ ಫ್ರಾನ್ಸಿಸ್ಕೋ ವಿರುದ್ಧ ಕ್ಯಾಂಪ್‌ಬೆಲ್ ಬೇರೆ ಮನುಷ್ಯ ಆಗಿಬಿಡಲಿಲ್ಲ. ಅದೇ ಕೋಚ್, ಅದೇ ಆಟ. 24-10 ಇದ್ದಾಗ 28 ಯಾರ್ಡ್ ಗೆರೆಯಲ್ಲಿ ಎರಡು ಯಾರ್ಡ್ ಬೇಕಿತ್ತು. ಪಾಸ್ ಚೆನ್ನಾಗಿಯೇ ಬಂತು, ಜಾಶ್ ರೆನಾಲ್ಡ್ಸ್ ಕೈಯಿಂದ ಜಾರಿತು. ಹಿಡಿದಿದ್ದರೆ ಇವತ್ತು ನೀವು ಈ ಪ್ರಶ್ನೆ ಕೇಳುತ್ತಿರಲಿಲ್ಲ.

ಪ್ರೀತಿ ಯಾಕೆ ಅಂದಿರಲ್ಲ. ಜನವರಿ 14ರ ರಾತ್ರಿಯ ವಿಷಯ ಹೇಳಲೇಬೇಕು. 30 ವರ್ಷಗಳ ನಂತರ ಡೆಟ್ರಾಯಿಟ್‌ನಲ್ಲಿ ಪ್ಲೇಆಫ್. 2002ರಲ್ಲಿ ತೆರೆದ ಫೋರ್ಡ್ ಫೀಲ್ಡ್ ಅಲ್ಲಿಯವರೆಗೆ ಒಂದೂ ಪ್ಲೇಆಫ್ ಪಂದ್ಯ ಕಂಡಿರಲಿಲ್ಲ. ಬಂದ ಎದುರಾಳಿ ಯಾರು? ಲಾಸ್ ಏಂಜಲೀಸ್ ರ್‍ಯಾಮ್ಸ್, ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟಾಫರ್ಡ್. ಹನ್ನೆರಡು ವರ್ಷ ನಮ್ಮವನಾಗಿದ್ದವನು. 2021ರಲ್ಲಿ ಅವನನ್ನು ರ್‍ಯಾಮ್ಸ್‌ಗೆ ಕೊಟ್ಟು, ಬದಲಿಗೆ ಗಾಫ್ ಮತ್ತು ಮುಂದಿನ ಡ್ರಾಫ್ಟ್ ಆಯ್ಕೆಗಳನ್ನು (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿಗಳನ್ನು) ಪಡೆದಿದ್ದರು. ಸ್ಟಾಫರ್ಡ್ ಅಲ್ಲಿ ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದ. ಗಾಫ್‌ನನ್ನು ಮಾತ್ರ ಬಹಳ ಜನ ತಾತ್ಕಾಲಿಕ ಅಂದುಕೊಂಡಿದ್ದರು.

ಆ ವ್ಯಾಪಾರದಲ್ಲಿ ಬಂದ 2023ರ ಮೊದಲ ಸುತ್ತಿನ ಆಯ್ಕೆ ಆರನೇ ಸ್ಥಾನದ್ದು. ಜನರಲ್ ಮ್ಯಾನೇಜರ್ ಬ್ರ್ಯಾಡ್ ಹೋಮ್ಸ್ ಅದನ್ನು ಅರಿಜೋನಾಗೆ ಕೊಟ್ಟು 12 ಮತ್ತು 34ನೇ ಆಯ್ಕೆ ಪಡೆದರು. 12ರಲ್ಲಿ ಜಮೀರ್ ಗಿಬ್ಸ್, 34ರಲ್ಲಿ ಲಪೋರ್ಟಾ. ಗಿಬ್ಸ್‌ನಂಥ ರನ್ನಿಂಗ್ ಬ್ಯಾಕ್‌ಗೆ (ಚೆಂಡು ಹಿಡಿದು ಓಡುವವನಿಗೆ) 12ನೇ ಆಯ್ಕೆ ಜಾಸ್ತಿಯಾಯಿತು ಎಂದು ಆಗ ಎಷ್ಟು ಜನ ಬೈದಿದ್ದರು! ಆ ರಾತ್ರಿ ಸ್ಟಾಫರ್ಡ್ 367 ಯಾರ್ಡ್ ಎಸೆದ. ಮೊದಲ ಅರ್ಧದಲ್ಲೇ ಗಿಬ್ಸ್ ಒಂದು ಟಚ್‌ಡೌನ್, ಲಪೋರ್ಟಾ ಒಂದು. ಕೊನೆಯಲ್ಲಿ ಗಾಫ್ ಅಮಾನ್-ರಾ ಸೇಂಟ್ ಬ್ರೌನ್‌ಗೆ 11 ಯಾರ್ಡ್ ಪಾಸ್ ಕೊಟ್ಟು ಪಂದ್ಯ ಮುಗಿಸಿದ. 24-23. ರ್‍ಯಾಮ್ಸ್ ಬೇಡವೆಂದ ಮನುಷ್ಯನ ಹೆಸರನ್ನು ಇಡೀ ಕ್ರೀಡಾಂಗಣ ಕೂಗುತ್ತಿತ್ತು.

ನಮ್ಮ ಪಕ್ಕದ ಮನೆಯವರು ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಕ್ರಿಸ್‌ಮಸ್ ಹಿಂದಿನ ದಿನ ಮಿನ್ನೆಸೋಟಾದಲ್ಲಿ ವೈಕಿಂಗ್ಸ್ ತಂಡವನ್ನು 30-24ಕ್ಕೆ ಸೋಲಿಸಿ ಡಿವಿಷನ್ (ನಾಲ್ಕು ತಂಡಗಳ ಗುಂಪು) ಗೆದ್ದಾಗ ಅವರು ಕೋಟು ಕೂಡ ಹಾಕದೆ ಹೊರಗೆ ಬಂದು ನನ್ನ ಬಾಗಿಲು ತಟ್ಟಿದ್ದರು. 1993ರ ನಂತರದ ಮೊದಲ ಡಿವಿಷನ್ ಪ್ರಶಸ್ತಿ ಅದು. ತಮ್ಮ ತಂದೆ ಇದನ್ನು ನೋಡಬೇಕಿತ್ತು ಎಂದಷ್ಟೇ ಹೇಳಿದರು. ಈ ಊರಿನ ಬಹಳ ಮನೆಗಳಲ್ಲಿ ಆ ವರ್ಷ ಇದೇ ಮಾತು.

ಮೂರನೇ ಸಾಲು ಬರೆದದ್ದು:

ನೀಲಿ ಬೆಳ್ಳಿಯವರ ಪ್ರೀತಿ ನನಗೂ ಇದೆ. ಆದರೆ ‘ಅದೇ ಕೋಚ್, ಅದೇ ಆಟ’ ಎಂಬುದನ್ನು ಪೂರ್ತಿ ಒಪ್ಪುವುದಿಲ್ಲ.

ಅದೇ ಪಂದ್ಯದಲ್ಲಿ, ಅರ್ಧ ಮುಗಿಯಲು ಕೆಲವೇ ಸೆಕೆಂಡ್ ಇದ್ದಾಗ, 49ರ್ಸ್‌ನ ಮೂರು ಯಾರ್ಡ್ ಗೆರೆಯಿಂದ ಕ್ಯಾಂಪ್‌ಬೆಲ್ ಫೀಲ್ಡ್ ಗೋಲ್ ಒದೆಸಿದರು. 24-7 ಆಗಿದ್ದು ಹಾಗೆ. ಅಂದರೆ ಸಂದರ್ಭ ನೋಡಿ ಒದೆಯುವುದು ಅವರಿಗೂ ಗೊತ್ತು.

ಎರಡು ನಿರ್ಧಾರಗಳನ್ನು ಬೇರೆ ಬೇರೆ ಮಾಡಿ ನೋಡಬೇಕು. ಮೊದಲನೆಯದು ಸರಿ ಎಂದೇ ನನ್ನ ಲೆಕ್ಕ. 14 ಪಾಯಿಂಟ್ ಮುಂದಿರುವಾಗ ಟಚ್‌ಡೌನ್ ಬಂದರೆ ಪಂದ್ಯ ಬಹುತೇಕ ಮುಗಿದಂತೆ. ಎರಡನೆಯದು 27-24ರಲ್ಲಿ ಹಿಂದಿದ್ದಾಗ, ಸುಮಾರು ಏಳೂವರೆ ನಿಮಿಷ ಉಳಿದಿತ್ತು. 30 ಯಾರ್ಡ್ ಗೆರೆ, ಮೂರು ಯಾರ್ಡ್ ಬೇಕು. ಒದ್ದರೆ 48 ಯಾರ್ಡ್ (ಕಂಬ ಗೋಲ್ ಗೆರೆಗಿಂತ ಹಿಂದಿದೆ, ಒದೆಯುವುದೂ ಸ್ವಲ್ಪ ಹಿಂದಿನಿಂದ). ಅಲ್ಲಿ ನಾನಾಗಿದ್ದರೆ ಒದೆಸುತ್ತಿದ್ದೆ. ಅಷ್ಟು ಹೊತ್ತಿಗೆ 20 ಪಾಯಿಂಟ್ ಸತತವಾಗಿ ಬಿಟ್ಟುಕೊಟ್ಟಿದ್ದ ತಂಡಕ್ಕೆ ಉಸಿರು ತೆಗೆದುಕೊಳ್ಳಲು ಒಂದು ಸಮ ಬೇಕಿತ್ತು. ಆದರೆ 48 ಯಾರ್ಡ್ ಒದೆತ ಗ್ಯಾರಂಟಿ ಮೂರು ಪಾಯಿಂಟ್ ಅಲ್ಲ, ಅದನ್ನೂ ನೆನಪಿಡಿ.

ನಿಜವಾದ ತಪ್ಪು ಯಾರೂ ಕೇಳದ ಜಾಗದಲ್ಲಿದೆ. ಕೊನೆಯಲ್ಲಿ 34-24. ಗೋಲ್ ಗೆರೆಗೆ ಒಂದು ಯಾರ್ಡ್, ಮೂರನೇ ಡೌನ್, ಒಂದು ನಿಮಿಷದ ಮೇಲೆ ಸ್ವಲ್ಪ ಸಮಯ. ಗಡಿಯಾರ ನಿಲ್ಲಿಸುವ ಮೂರೂ ಟೈಮ್‌ಔಟ್ ಕೈಯಲ್ಲಿವೆ. ಅಲ್ಲಿ ಪಾಸ್ ಮಾಡಿದ್ದರೆ, ಚೆಂಡು ನೆಲಕ್ಕೆ ಬಿದ್ದರೂ ಗಡಿಯಾರ ನಿಲ್ಲುತ್ತಿತ್ತು. ಅವರು ಡೇವಿಡ್ ಮಾಂಟ್‌ಗೊಮರಿಯನ್ನು ಓಡಿಸಿದರು. 49ರ್ಸ್ ಅವನನ್ನು ಹಿಂದಕ್ಕೆ ತಳ್ಳಿದರು. ಗಡಿಯಾರ ನಿಲ್ಲಿಸಲು ಟೈಮ್‌ಔಟ್ ಒಂದು ಸುಮ್ನೆ ಹೋಯಿತು. ಮುಂದಿನ ಆಟದಲ್ಲಿ ಟಚ್‌ಡೌನ್ ಬಂತು, ಆದರೆ ಎರಡೇ ಟೈಮ್‌ಔಟ್ ಉಳಿದಿದ್ದರಿಂದ ಆನ್‌ಸೈಡ್ ಕಿಕ್ (ಚೆಂಡನ್ನು ಹತ್ತಿರಕ್ಕೇ ಒದ್ದು ತಾವೇ ಹಿಡಿಯುವ ಪ್ರಯತ್ನ) ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆ ಕಿಕ್ ಗೆಲ್ಲುವುದು ಬಹಳ ಅಪರೂಪ. ಮೂರು ಟೈಮ್‌ಔಟ್ ಇದ್ದಿದ್ದರೆ ಚೆಂಡನ್ನು ದೂರ ಒದ್ದು, ಎದುರಾಳಿಯನ್ನು ತಡೆದು, ಇನ್ನೊಂದು ಅವಕಾಶ ಪಡೆಯಬಹುದಿತ್ತು.

ಇನ್ನು ಅದೃಷ್ಟ. 49ರ್ಸ್ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಎಸೆದ 51 ಯಾರ್ಡ್ ಪಾಸ್ ಲಯನ್ಸ್ ಆಟಗಾರ ಕಿಂಡಲ್ ವಿಲ್ಡರ್ ಮುಖಕವಚಕ್ಕೆ ಬಡಿದು ಪುಟಿದು ಅವರದೇ ಬ್ರ್ಯಾಂಡನ್ ಅಯ್ಯೂಕ್ ಕೈಗೆ ಬಿತ್ತು. ಅದಕ್ಕೆ ಯಾವ ಕೋಚ್ ಏನು ಮಾಡಲು ಸಾಧ್ಯ?

ಹೊಸ ನೋಡುಗ:

ಇಬ್ಬರಿಗೂ ಧನ್ಯವಾದ. ಆ ಟೈಮ್‌ಔಟ್ ವಿಷಯ ನಾನು ಗಮನಿಸಿರಲೇ ಇಲ್ಲ. ಸೋತ ಮೇಲೆ ಕ್ಯಾಂಪ್‌ಬೆಲ್ ಏನು ಹೇಳಿದರು? ಇನ್ನೊಂದು, ಈ ಸೀಸನ್ ಅರ್ಥವಾಗಲು ಯಾವ ಪಂದ್ಯ ಪೂರ್ತಿ ನೋಡಬೇಕು?

ನೀಲಿ ಬೆಳ್ಳಿ:

ಮೂರನೇ ಸಾಲು ಅವರ ಟೈಮ್‌ಔಟ್ ಮಾತು ನೂರಕ್ಕೆ ನೂರು ನಿಜ. ಆ ಓಟ ನೆನೆದರೆ ನನಗೆ ಇಂದಿಗೂ ಸಂಕಟ. 48 ಯಾರ್ಡ್ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ಒಮ್ಮತ ಆಗುವುದಿಲ್ಲ.

ಕ್ಯಾಂಪ್‌ಬೆಲ್ ಆ ರಾತ್ರಿ ಎರಡು ಮಾತು ಹೇಳಿದರು. ನಾಲ್ಕನೇ ಡೌನ್ ನಿರ್ಧಾರಗಳ ಬಗ್ಗೆ ತನಗೆ ವಿಷಾದ ಇಲ್ಲ ಎಂದರು. ಇದೇ ನಮ್ಮ ಒಂದೇ ಅವಕಾಶ ಆಗಿದ್ದರೂ ಆಗಿರಬಹುದು ಎಂದು ಹುಡುಗರಿಗೆ ಹೇಳಿದ್ದಾಗಿಯೂ ತಿಳಿಸಿದರು. ಹಾಗಾಗುತ್ತದೆ ಎಂದು ತಾನು ನಂಬುವುದಿಲ್ಲ, ಆದರೆ ಇಲ್ಲಿಯವರೆಗೆ ಬರುವುದು ಎಷ್ಟು ಕಷ್ಟ ಎಂದು ಗೊತ್ತು, ಮುಂದಿನ ವರ್ಷ ಇದರ ಎರಡು ಪಟ್ಟು ಕಷ್ಟ ಎಂದರು. ಸೋತ ಕೋಣೆಯಲ್ಲಿ ನಿಂತು ಸಮಾಧಾನದ ಮಾತು ಹೇಳುವುದು ಸುಲಭ ಅಲ್ವಾ? ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮುಂದಿನ ವರ್ಷ 15 ಗೆಲುವು, 2 ಸೋಲು ಮಾಡಿ ಎನ್‌ಎಫ್‌ಸಿಯಲ್ಲಿ ಒಂದನೇ ಸೀಡ್ (ಅಗ್ರ ಸ್ಥಾನ) ಆದರು. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ವಾಷಿಂಗ್ಟನ್ ಕಮ್ಯಾಂಡರ್ಸ್ ವಿರುದ್ಧ ತಮ್ಮದೇ ಫೋರ್ಡ್ ಫೀಲ್ಡ್‌ನಲ್ಲಿ 45-31ಕ್ಕೆ ಸೋತರು.

ನೋಡಬೇಕಾದ್ದು ಚಾರ್ಜರ್ಸ್ ಪಂದ್ಯ. ರ್‍ಯಾಮ್ಸ್ ಪಂದ್ಯ ನಮಗೆ ಹೆಚ್ಚು ಪ್ರಿಯ, ಆದರೆ ಅದರ ಹಿಂದಿನ ಕಥೆ ಗೊತ್ತಿದ್ದವರಿಗೆ ಅದು ಜಾಸ್ತಿ ತಟ್ಟುತ್ತದೆ. ಚಾರ್ಜರ್ಸ್ ಪಂದ್ಯಕ್ಕೆ ಹಿನ್ನೆಲೆ ಬೇಕಿಲ್ಲ. ಆಮೇಲೆ ಡಿಸೆಂಬರ್ 30ರ ಡಲ್ಲಾಸ್ ಪಂದ್ಯದ ಕೊನೆಯ ಅರ್ಧ ನಿಮಿಷ ನೋಡಿ. ಟಚ್‌ಡೌನ್ ನಂತರ ಒಂದು ಪಾಯಿಂಟ್ ಒದ್ದು ಸಮ ಮಾಡುವ ಬದಲು ಚೆಂಡನ್ನು ಮತ್ತೆ ಗೋಲ್ ಗೆರೆ ದಾಟಿಸಿ ಎರಡು ಪಾಯಿಂಟ್ ಗಳಿಸಲು ಹೋದರು. ಸಾಮಾನ್ಯವಾಗಿ ಪಾಸ್ ಹಿಡಿಯದೆ ಎದುರಾಳಿಯನ್ನು ತಡೆಯುವ ಆಟಗಾರ ಟೇಲರ್ ಡೆಕರ್ ಚೆಂಡು ಹಿಡಿದ. ಆದರೆ ಪಾಸ್ ಹಿಡಿಯುತ್ತೇನೆಂದು ಆತ ಮೊದಲೇ ರೆಫರಿಗೆ ತಿಳಿಸಿರಲಿಲ್ಲ ಎಂದು ಅದನ್ನು ರದ್ದು ಮಾಡಿದರು. ಲಯನ್ಸ್ ಪ್ರಕಾರ ತಿಳಿಸಿದ್ದ. ದಂಡದಿಂದ ಚೆಂಡು ಏಳು ಯಾರ್ಡ್ ಗೆರೆಗೆ ಹಿಂದೆ ಹೋಯಿತು. ಈಗಲಾದರೂ ಒಂದು ಪಾಯಿಂಟ್ ಒದೆಯಬಹುದಿತ್ತು. ಕ್ಯಾಂಪ್‌ಬೆಲ್ ಮತ್ತೆ ಎರಡಕ್ಕೇ ಹೋದರು. ಅದು ಕೆಟ್ಟಿತು, ಆದರೆ ಡಲ್ಲಾಸ್ ಆಫ್‌ಸೈಡ್ ಆಗಿತ್ತು (ಆಟ ಶುರುವಾಗುವ ಮೊದಲೇ ಗೆರೆ ದಾಟಿದ್ದರು), ಹಾಗಾಗಿ ಇನ್ನೊಂದು ಅವಕಾಶ ಸಿಕ್ಕಿತು. ಮೂರನೇ ಸಲವೂ ಹೋದರು, ಸಿಗಲಿಲ್ಲ. 20-19 ಸೋಲು. ಅದನ್ನು ನೋಡಿದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಪಂದ್ಯದ ಎರಡನೇ ಅರ್ಧ ಇನ್ನೊಮ್ಮೆ ಹಾಕಿ. ಆ 48 ಯಾರ್ಡ್ ಜಾಗಕ್ಕೆ ಬಂದಾಗ ನೀವೇನು ಮಾಡುತ್ತಿದ್ದಿರಿ ಎಂದು ಇಲ್ಲಿ ಬಂದು ಬರೆಯಿರಿ.